ಮಾತ್ರೆ ನುಂಗಿದೆನೋ ಇಲ್ಲವೋ: ಇಳಿವಯಸ್ಸಿನ ಎಡವಟ್ಟುಗಳಿಗೆ ನಾನು ಹೂಡಿದ ಏರ್ಪಾಟು

ನೆನಪಿನ ಶಕ್ತಿ ಹೆಚ್ಚಿಸಿಕೊಳ್ಳಿ, ಪದಬಂಧ ಬಿಡಿಸಿ ಎಂದವರೇ ಎಲ್ಲರೂ. ಪದಬಂಧ ಬಿಡಿಸಿದರೆ ಪದಬಂಧ ಚೆನ್ನಾಗಿ ಬರುತ್ತದೆ. ಬೆಳಗಿನ ಮಾತ್ರೆ ಹೊಟ್ಟೆಗೆ ಹೋಯಿತೋ ಇಲ್ಲವೋ ಎಂಬುದು ಅದರಿಂದ ಗೊತ್ತಾಗುವುದಿಲ್ಲ. ನಾನು ಹಿಡಿದದ್ದು ಬೇರೆ ದಾರಿ: ಮಾಡಿ ಮುಗಿಸಿದ ಕೆಲಸ ಕಣ್ಣಿಗೆ ಕಾಣುವ ಗುರುತು ಬಿಡಬೇಕು, ನೆನಪಿನ ಹಂಗೇ ಬೇಡ. ಇದು ನಡೆಯದ ಮಾತು ಎಂದಿದ್ದವರ ಮನೆಗಳಲ್ಲೂ ಈಗ ಇದೇ ನಡೆಯುತ್ತಿದೆ.

ಮಾತ್ರೆಯ ತೊಂದರೆ ಎಲ್ಲಿದೆ ಎಂದರೆ, ದಿನವೂ ಅದೇ ಹೊತ್ತು, ಅದೇ ಜಾಗ, ಅದೇ ಲೋಟ. ಹಾಗಾಗಿ ನಿನ್ನೆ ನುಂಗಿದ್ದೂ ಇವತ್ತು ನುಂಗಿದ್ದೂ ಒಂದರ ಮೇಲೊಂದು ಕೂತುಬಿಡುತ್ತವೆ. ವಾರದ ಡಬ್ಬಿ, ದಿನಕ್ಕೆ 4ರಂತೆ 28 ಖಾನೆಯದು, ಎಲ್ಲರಿಗೂ ಗೊತ್ತು. ಅದು ಕೈಕೊಡುವುದು ತುಂಬುವಾಗ. ದಿನದ ಲೆಕ್ಕದಲ್ಲಿ ತುಂಬಿದರೆ ಕೈ ಅಭ್ಯಾಸಕ್ಕೆ ಬಿದ್ದು, ಒಮ್ಮೆ ತಪ್ಪಿದ್ದು ವಾರವಿಡೀ ತಪ್ಪುತ್ತದೆ. ನಾನು ತುಂಬುವುದು ಔಷಧಿಯ ಲೆಕ್ಕದಲ್ಲಿ. ಒಂದು ಮಾತ್ರೆಯ ಪಟ್ಟಿ (ಸ್ಟ್ರಿಪ್) ಕೈಗೆತ್ತಿಕೊಂಡು ಅದರ ಖಾನೆಗಳೆಲ್ಲ ಮುಗಿದ ಮೇಲೆ ಪಟ್ಟಿಯಲ್ಲಿ ಉಳಿದದ್ದನ್ನು ಎಣಿಸಿ, ಅದನ್ನು ಒಳಗಿಟ್ಟೇ ಮುಂದಿನದು. ಟಿವಿ ಬಂದ್, ಮಾತು ಬಂದ್. ಐದಾರು ಬಗೆಯ ಮಾತ್ರೆಗೆ ಸುಮಾರು 20 ನಿಮಿಷ. ಕೊನೆಯಲ್ಲಿ ಇನ್ನೊಬ್ಬರು ವೈದ್ಯರ ಚೀಟಿ ಹಿಡಿದು ನೋಡಬೇಕು. ತುಂಬಿದವರ ಕಣ್ಣಿಗೆ ತಮ್ಮ ತಪ್ಪು ಕಾಣುವುದಿಲ್ಲ.

ಎಲ್ಲವನ್ನೂ ಡಬ್ಬಿಗೆ ಸುರಿಯುವಂತಿಲ್ಲ. ಎದೆನೋವಿಗೆ ನಾಲಿಗೆಯಡಿ ಇಡುವ ನೈಟ್ರೋಗ್ಲಿಸರಿನ್ ಅದರ ಮೂಲ ಸೀಸೆಯಲ್ಲೇ ಇರಬೇಕು. ರಕ್ತ ಹೆಪ್ಪುಗಟ್ಟದಿರಲು ಕೊಡುವ ಡಬಿಗಾಟ್ರಾನ್ ತೇವಕ್ಕೆ ಕೆಡುತ್ತದೆ, ಅದೂ ತನ್ನ ಪ್ಯಾಕಿನಲ್ಲೇ. ಹೀಗೆ ಪಟ್ಟಿಯಲ್ಲೇ ಉಳಿಯುವ ದಿನದ ಮಾತ್ರೆಗಳಿಗೆ ಪಟ್ಟಿಯ ಹಿಂಬದಿಯಲ್ಲಿ ಮಾರ್ಕರ್‌ನಿಂದ ತಾರೀಖು ಬರೆದಿಡುತ್ತೇನೆ. ಇವತ್ತಿನ ತಾರೀಖಿನ ಗುಳಿ ಖಾಲಿಯಿದ್ದರೆ ಕೆಲಸ ಆಗಿದೆ. ಸಂಧಿವಾತಕ್ಕೆ ವಾರಕ್ಕೊಮ್ಮೆ ಕೊಡುವ ಮೆಥೊಟ್ರೆಕ್ಸೇಟನ್ನು ದಿನವೂ ನುಂಗಿ ಪ್ರಾಣಕ್ಕೆ ಎರವಾದದ್ದುಂಟು. ಅದನ್ನು ದಿನದ ಮಾತ್ರೆಗಳಿರುವ ಕಪಾಟಿಗೇ ಸೇರಿಸಬೇಡಿ. ನುಂಗುವ ದಿನ ಯಾವುದೆಂದು ಪ್ಯಾಕಿನ ಮೇಲೆ ದಪ್ಪಕ್ಷರದಲ್ಲಿ ಬರೆಯಿರಿ. ಗುರುತು ನೋಡಿಯೂ ಅನುಮಾನ ಉಳಿದರೆ ಇನ್ನೊಂದನ್ನು ನುಂಗಬಾರದು, ವೈದ್ಯರನ್ನೋ ಔಷಧಿ ಅಂಗಡಿಯವರನ್ನೋ ಕೇಳಬೇಕು.

ದುಡ್ಡು ದಂಡವಾದದ್ದು ಹೊತ್ತಿಗೆ ಸರಿಯಾಗಿ ತಾನೇ ತಿರುಗಿ ಮಾತ್ರೆ ಕೊಡುವ ಮೋಟಾರಿನ ಯಂತ್ರದಲ್ಲಿ. ಉಳಿದೆಲ್ಲ ಏರ್ಪಾಟು ಅದರ ಬೆಲೆಯ ಹತ್ತನೇ ಒಂದು ಪಾಲಿನಲ್ಲಿ ಮುಗಿಯಿತು. ತುಂಡು ಮಾಡಿದ ಅರ್ಧ ಮಾತ್ರೆಯ ಪುಡಿ ಸಿಕ್ಕಿ ಅದು ತಿರುಗುವುದೇ ಇಲ್ಲ. ಅದರ ಕೀರಲು ಬೀಪ್ ಬೇಕಾದವರಿಗೇ ಕೇಳುವುದಿಲ್ಲ, ಏಕೆಂದರೆ ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ಸ್ವರಗಳನ್ನು. ಅಲಾರಂ ಬೇಕೇ ಬೇಕೆಂದರೆ ತಗ್ಗಿನ, ದಪ್ಪ ದನಿಯದು ಹಾಕಿ, ಫೋನನ್ನು ಡಬ್ಬಿಯ ಪಕ್ಕದಲ್ಲೇ ಇಡಿ. ನುಂಗಿದ ಮೇಲೆಯೇ ನಿಲ್ಲಿಸುವುದು. ಅದಕ್ಕಿಂತ ‘ಎಂಟು ಗಂಟೆಗೆ’ ಎನ್ನುವ ಬದಲು ‘ಹಲ್ಲುಜ್ಜಿದ ಮೇಲೆ’ ಎಂದು ಕೆಲಸಕ್ಕೆ ಕೆಲಸ ಕಟ್ಟಿದ್ದು ಹೆಚ್ಚು ಗಟ್ಟಿ.

ಬಣ್ಣದ ಪ್ರಯೋಗ ಅರ್ಧ ಕೆಟ್ಟಿತು, ಅರ್ಧ ಫಲಿಸಿತು. ನೀಲಿ ಬೆಳಿಗ್ಗೆಗೆ, ಹಸಿರು ರಾತ್ರಿಗೆ ಎಂಬ ಚೀಟಿಗಳು ಕೆಲಸಕ್ಕೆ ಬರಲಿಲ್ಲ. ಕಣ್ಣಿನ ಮಸೂರ ವಯಸ್ಸಿನೊಂದಿಗೆ ಹಳದಿಯಾಗುತ್ತದೆ, ಆಗ ನೀಲಿ-ಹಸಿರು, ಕಡುನೀಲಿ-ಕಪ್ಪು ಒಂದೇ ಆಗಿ ಕಾಣುತ್ತವೆ. ಕೆಂಪು ಮತ್ತು ಹಳದಿ ನಿಂತವು. ಅಕ್ಷರ 24 ಪಾಯಿಂಟ್, ಬಿಳಿಯ ಮೇಲೆ ಕಪ್ಪು. ಹೊಳೆಯುವ ಲ್ಯಾಮಿನೇಶನ್ ಬೇಡ, ದೀಪದ ಬೆಳಕು ಬಿದ್ದರೆ ಏನೂ ಓದಲಾಗುವುದಿಲ್ಲ. ದೀಪವನ್ನೂ ಹೆಚ್ಚಿಸಿ: 20ರ ಕಣ್ಣಿನ ಒಳಗೆ ಹೋಗುವ ಬೆಳಕಿನ ಮೂರನೇ ಒಂದು ಪಾಲಷ್ಟೇ 60ರ ಕಣ್ಣಿಗೆ ಸಿಗುವುದು. ಎಷ್ಟೋ ‘ಮರೆವು’ ದೀಪ ಬದಲಾಯಿಸಿದ ಮೇಲೆ ಕಾಣದಾಯಿತು.

ಕಣ್ಣಿನ ಹನಿಯ ಸೀಸೆಯೂ ಸೂಪರ್ ಗ್ಲೂ ಸೀಸೆಯೂ ಆಕಾರದಲ್ಲಿ ಅಣ್ಣತಮ್ಮಂದಿರು. ಇಲ್ಲಿ ಚೀಟಿಯನ್ನು ನಂಬಬೇಡಿ. ಅಂಟು ಉಪಕರಣಗಳ ಪೆಟ್ಟಿಗೆ ಬಿಟ್ಟು ಹೊರಗೆ ಬರಲೇಬಾರದು. ಮುಲಾಮು ಮತ್ತು ಟೂತ್‌ಪೇಸ್ಟಿಗೂ ಅಷ್ಟೇ, ಬೇರೆ ಬೇರೆ ಕೋಣೆ. ಕಿವಿಯ ಹನಿಯ ಸೀಸೆಗೆ ಒರಟು ಟೇಪ್ ಸುತ್ತಿದ್ದೇನೆ, ಕನ್ನಡಕವಿಲ್ಲದಿದ್ದರೂ ಬೆರಳು ಹೇಳುತ್ತದೆ. ಶಾಂಪೂವಿಗೆ ಒಂದು ರಬ್ಬರ್ ಬ್ಯಾಂಡ್. ಕನ್ನಡಕದ ವಿಷಯಕ್ಕೆ ಬಂದರೆ, ದೂರಕ್ಕೂ ಹತ್ತಿರಕ್ಕೂ ಒಂದೇ ಆಗಿರುವ ಪ್ರೋಗ್ರೆಸ್ಸಿವ್ ಮಸೂರದ ಕೆಳಭಾಗ ಓದಲು ಇರುವುದು. ಮೆಟ್ಟಿಲಿಳಿಯುವಾಗ ಕಣ್ಣು ಕೆಳಗೆ ಮಾಡಿದರೆ ಮೆಟ್ಟಿಲು ಮಸುಕು. ಗದ್ದ ಬಗ್ಗಿಸಿ ನೋಡಬೇಕು, ಇಲ್ಲವೇ ನಡೆದಾಡಲು ದೂರದ ಕನ್ನಡಕ ಬೇರೆಯೇ ಇರಲಿ.

ಒಲೆ ಉರಿಯುತ್ತಿರುವಾಗ ಅಡುಗೆಮನೆ ಬಿಡಬೇಕಾದರೆ ಸೌಟು ಕೈಯಲ್ಲೇ ಇರಬೇಕು. ಬೇರೆ ಕೋಣೆಯಲ್ಲಿ ಸೌಟು ಕಂಡ ಕೂಡಲೇ ಒಲೆ ನೆನಪಾಗುತ್ತದೆ. ಇದನ್ನು ಕಂಡು ನಕ್ಕವರೂ ಈಗ ಸೌಟು ಹಿಡಿದು ಓಡಾಡುತ್ತಾರೆ. ಬೀಗ ಹಾಕುವಾಗ ‘ಮಂಗಳವಾರ, ಹಾಕಿದೆ’ ಎಂದು ಜೋರಾಗಿ ಹೇಳುತ್ತೇನೆ. ವಾರದ ಹೆಸರು ಸೇರಿದರೆ ಇವತ್ತಿನದು ನಿನ್ನೆಯದರಿಂದ ಬೇರೆಯಾಗುತ್ತದೆ. ಬೀಗದ ಮೇಲೆಯೇ ಇರುವ ಇನ್ನೊಂದು ಗುರುತನ್ನು ಮಾತ್ರ ಬರೆಯುವುದಿಲ್ಲ, ಅದು ಮನೆಯವರಿಗಷ್ಟೇ.

ಗೊಂದಲ ಎರಡು ಮೂರು ದಿನದಲ್ಲೇ ಏಕಾಏಕಿ ಹೆಚ್ಚಿದರೆ ಈ ಏರ್ಪಾಟಿನ ಕೆಲಸವಲ್ಲ. ಮೂತ್ರದ ಸೋಂಕು, ಹೊಸದಾಗಿ ಶುರುವಾದ ನಿದ್ದೆ ಮಾತ್ರೆ, ನಿದ್ದೆ ಬರಿಸುವ ಹಳೆಯ ಬಗೆಯ ಶೀತದ ಮಾತ್ರೆ ಹೀಗೆ ಮಾಡುತ್ತವೆ. ತಡಮಾಡದೆ ವೈದ್ಯರ ಬಳಿ ಹೋಗಿ, ನುಂಗುತ್ತಿರುವುದನ್ನೆಲ್ಲ ಚೀಲದಲ್ಲಿ ಹಾಕಿಕೊಂಡು.