ಹುಳುಮನೆ ಪುಸ್ತಕ ಮತ್ತು ಮಗನ ಜ್ವರ

ನಮ್ಮ ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ಪೊರೆ ಬಿಡುವುದಕ್ಕೂ ಜ್ವರ ಅಂತಲೇ ಹೇಳುವುದು. ಒಂದು ಬೆಳೆಗೆ ನಾಲ್ಕು ಜ್ವರ. ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು ಹಾಕುವುದಿಲ್ಲ, ಮುಟ್ಟುವುದಿಲ್ಲ, ಗಾಳಿ ಆಡಲು ಬಿಡುತ್ತೇವೆ. ಮಗನಿಗೆ ಜ್ವರ ಬಂದಾಗ ಮಾತ್ರ ನಾನು ಮಾಡುತ್ತಿದ್ದದ್ದು ಪೂರಾ ಉಲ್ಟಾ. ಕಿಟಕಿ ಮುಚ್ಚಿ, ಸ್ವೆಟರ್ ಹಾಕಿ, ಮೇಲೆ ಕಂಬಳಿ. ಒಂದು ರಾತ್ರಿ 102 ಇದ್ದದ್ದು 104 ಆಯಿತು. ಗಾಬರಿಯಲ್ಲಿ ತಣ್ಣೀರು ಬಟ್ಟೆ ಹಾಕಿದೆ. ಮಗು ಗಡಗಡ ನಡುಗಿಬಿಟ್ಟಿತು.

ಆಗೆಲ್ಲ ಮೈ ಬಿಸಿಯಾದ ಗಂಟೆಯೊಳಗೆ ಆಟೋ ಹತ್ತುತ್ತಿದ್ದೆ. ಆಟೋಗೆ 150, ಡಾಕ್ಟರಿಗೆ 250, ಔಷಧಿಗೆ 300. ಮಾರನೇ ದಿನ ಮತ್ತೆ ಬಿಸಿಯಾದರೆ ಬೇರೆ ಡಾಕ್ಟರು. ಒಂದು ವರ್ಷದಲ್ಲಿ ಹತ್ತಿರ ಹತ್ತಿರ 9 ಸಾವಿರ ಹೋಯಿತು. ದುಡ್ಡು ಹೋಗಲಿ, ಇಬ್ಬರು ಬರೆದುಕೊಟ್ಟ ಎರಡು ಬಾಟಲಿಯನ್ನೂ ಒಂದೇ ದಿನ ಕುಡಿಸಿದ್ದೆ. ಹೆಸರು ಬೇರೆ, ಒಳಗೆ ಎರಡೂ ಪ್ಯಾರಾಸಿಟಮಾಲ್! ಮೆಡಿಕಲ್ ಅಂಗಡಿಯವರು ತೋರಿಸಿದಾಗ ಕೈಕಾಲು ತಣ್ಣಗಾಯಿತು.

ಹುಳುಮನೆಯಲ್ಲಿ ದಿನಾ ಉಷ್ಣಾಂಶ, ತೇವಾಂಶ ಬರೆಯುತ್ತೇವಲ್ವಾ, ಹಾಗೇ ಮಗನಿಗೂ ಒಂದು ಪುಸ್ತಕ ಮಾಡಿದೆ. ಗಂಟೆ ಎಷ್ಟು, ಕಂಕುಳಲ್ಲಿ ಜ್ವರ ಎಷ್ಟು, ಔಷಧಿ ಎಷ್ಟು ಎಂಎಲ್, ಉಚ್ಚೆ ಎಷ್ಟು ಸಲ. "ಇಂಜೆಕ್ಷನ್ ಹಾಕಿಸೋದು ಬಿಟ್ಟು ಲೆಕ್ಕ ಬರೀತಾಳೆ" ಅಂದರು ಅತ್ತೆ. ನಮ್ಮ ಯಜಮಾನರೂ ನಂಬಲಿಲ್ಲ.

ಒಂದು ಸಿರಪ್ಪಿನ 5 ಎಂಎಲ್‌ನಲ್ಲಿ ಪ್ಯಾರಾಸಿಟಮಾಲ್ 120 ಮಿಲಿಗ್ರಾಂ, ಇನ್ನೊಂದರಲ್ಲಿ 250. ಚಮಚದ ಲೆಕ್ಕ ಕೆಡುವುದೇ ಇಲ್ಲಿ. ಡಾಕ್ಟರು ಕೆಜಿಗೆ 15 ಮಿಲಿಗ್ರಾಂ ಅಂತ ಬರೆದುಕೊಟ್ಟರು. ಅವನು ಆಗ 12 ಕೆಜಿ. ಅಂದರೆ 180 ಮಿಲಿಗ್ರಾಂ, 250ರ ಬಾಟಲಿಯಲ್ಲಿ ಸುಮಾರು ಮೂರೂವರೆ ಎಂಎಲ್. ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕೇ ಸಲ. 100 ಇದ್ದರೂ ಆಡಿಕೊಂಡಿದ್ದರೆ ಕೊಡುವುದೇ ಇಲ್ಲ. ತೆಳು ಬಟ್ಟೆ, ಗಂಜಿ, ಎಳನೀರು. ಔಷಧಿ ಉಗಿಯದ ಹಾಗೆ ಕುಡಿಸುವ ಉಪಾಯ ಒಂದಿದೆ, ಅದು ನನ್ನಲ್ಲೇ ಇರಲಿ.

ಸುಮ್ನೆ ಒಂದು ಪರೀಕ್ಷೆಯನ್ನೂ ಮಾಡಿದೆ. ಹುಷಾರಾಗಿದ್ದ ದಿನ ಬೆಳಗ್ಗೆ ಒಂದು ಸಲ, ಬಿಸಿಲಲ್ಲಿ ಓಡಾಡಿ ಬಂದ ಮೇಲೆ ಒಂದು ಸಲ ನೋಡಿದೆ. ಸುಮಾರು ಒಂದು ಡಿಗ್ರಿ ವ್ಯತ್ಯಾಸ! ಔಷಧಿ ಕುಡಿಸಿದ ಗಂಟೆಗೆ ಅವನಿಗೆ ಇಳಿಯುವುದೂ ಒಂದು, ಒಂದೂವರೆ ಡಿಗ್ರಿ ಅಷ್ಟೇ. ಪೂರ್ತಿ ಇಳಿಯಲಿಲ್ಲ ಅಂತ ಮತ್ತೆ ಕುಡಿಸುತ್ತಿದ್ದೆನಲ್ಲ, ಅದೇ ತಪ್ಪು.

ಹೋದ ಮಳೆಗಾಲದಲ್ಲಿ ಮೂರನೇ ದಿನವೂ ಬಿಡದಿದ್ದಾಗ ಪುಸ್ತಕ ಹಿಡಿದು ಹೋದೆ. ಡಾಕ್ಟರು ಪುಟ ತಿರುವಿ ನೋಡಿ, ಡೆಂಗ್ಯೂ ಪರೀಕ್ಷೆ ಒಂದನ್ನೇ ಬರೆದರು. ಅದು ಡೆಂಗ್ಯೂ ಅಲ್ಲ ಅಂತ ಬಂತು. ಡೆಂಗ್ಯೂ ಆದರೆ ಜ್ವರ ಇಳಿಯುವಾಗಲೇ ಅಪಾಯ ಜಾಸ್ತಿ, ಹೊಟ್ಟೆನೋವು, ವಾಂತಿ, ಮಂಪರು ಕಂಡರೆ ಓಡಿ ಬನ್ನಿ ಅಂದರು. ಹಾಗಾಗಿ ಜ್ವರ ಬಿಟ್ಟ ಮೇಲೂ ಎರಡು ದಿನ ಬರೆದೆ. ಆ ಸಲದ ಖರ್ಚು ಎಲ್ಲ ಸೇರಿ ಸಾವಿರದೊಳಗೆ.

ಈಗ ಬೀದಿಯವರೆಲ್ಲ ನನ್ನ ಪುಸ್ತಕ ಕೇಳಿಕೊಂಡು ಬರುತ್ತಾರೆ. ಮೊನ್ನೆ ಪಕ್ಕದ ಮನೆಯವರೂ ಬಂದರು. ಅವರ ಮಗುವಿಗೆ ಎರಡೇ ತಿಂಗಳು, ಜ್ವರ 100.6. ಮೂರು ತಿಂಗಳೊಳಗಿನ ಮಗುವಿಗೆ 100.4 ಮುಟ್ಟಿದರೇ ಆಸ್ಪತ್ರೆ. ಪುಸ್ತಕ ತೆಗೆಯಲೇ ಇಲ್ಲ, ಆಟೋ ಕರೆದೆ.