ಹಳೆಯ ಓಮ್ನಿ ಬಿಸಿಯೇರಿದರೆ: ದೋಷ ಪತ್ತೆಹಚ್ಚುವ ಕ್ರಮ

1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಿಂದ ಬಂದು, ಓಮ್ನಿಯಾಗಿ 2019ರವರೆಗೆ ತಯಾರಾದ ಈ ಗಾಡಿಯ 796 ಸಿಸಿ ಎಂಜಿನ್ ಮುಂದಿನ ಸೀಟುಗಳ ಕೆಳಗೇ ಕುಳಿತಿದೆ. ಆದ್ದರಿಂದ ಸೀಟು ಬೆಚ್ಚಗಾಯಿತೆಂದು ಗಾಬರಿಯಾಗಬೇಕಾಗಿಲ್ಲ. ಅದು ಈ ವ್ಯಾನಿನ ಹುಟ್ಟುಗುಣ. ಟೆಂಪರೇಚರ್ ಮುಳ್ಳು ಕೆಂಪು ಗೆರೆಯತ್ತ ಏರಿದಾಗ ಮಾತ್ರ ಗಾಡಿಯನ್ನು ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ, ಕನಿಷ್ಠ ಅರ್ಧ ಗಂಟೆ ಕಾಯಬೇಕು. ಬಿಸಿಯಿರುವಾಗ ರೇಡಿಯೇಟರ್ (ಎಂಜಿನ್ನಿನಲ್ಲಿ ಹರಿಯುವ ನೀರನ್ನು ತಣಿಸುವ ಭಾಗ) ಮುಚ್ಚಳವನ್ನು ಎಂದಿಗೂ ತೆರೆಯಬಾರದು. ಒತ್ತಡದಲ್ಲಿರುವ ನೀರು 100 ಡಿಗ್ರಿ ದಾಟಿಯೂ ಕುದಿಯದೆ ಇರುತ್ತದೆ, ಮುಚ್ಚಳ ಸಡಿಲಿಸಿದ ಕ್ಷಣವೇ ಉಕ್ಕಿ ಮುಖಕ್ಕೆ ಎರಚುತ್ತದೆ. ಕಾದ ಎಂಜಿನ್ನಿಗೆ ತಣ್ಣೀರು ಸುರಿಯುವುದೂ ತಪ್ಪು; ಎಂಜಿನ್ನಿನ ಮೇಲ್ಭಾಗವಾದ ಅಲ್ಯೂಮಿನಿಯಂ ಹೆಡ್ ಡೊಂಕಾಗಬಹುದು, ಬಿರುಕೂ ಬಿಡಬಹುದು.

ಯಾವ ಭಾಗ ಬದಲಿಸಬೇಕೆಂದು ಕೇಳುವ ಮೊದಲು, ಯಾವಾಗ ಬಿಸಿಯಾಗುತ್ತದೆ ಎಂಬುದನ್ನು ಗಮನಿಸಿ. ಊರೊಳಗಿನ ಟ್ರಾಫಿಕ್‌ನಲ್ಲಿ ಮುಳ್ಳು ಏರಿ, ಗಾಡಿ ಓಡತೊಡಗಿದೊಡನೆ ಇಳಿದರೆ ಅನುಮಾನ ಮೊದಲು ರೇಡಿಯೇಟರಿನ ಫ್ಯಾನಿನ ಮೇಲೆ ಹೋಗಬೇಕು. ಫ್ಯಾನಿನ ಪ್ಲಗ್ ಬಿಚ್ಚಿ ಬ್ಯಾಟರಿಯಿಂದ ನೇರವಾಗಿ ವೈರು ಕೊಟ್ಟು ನೋಡಿ: ತಿರುಗಿದರೆ ಮೋಟಾರು ಸರಿಯಿದೆ, ದೋಷವಿರುವುದು ಫ್ಯೂಸಿನಲ್ಲಿ, ವೈರಿಂಗಿನಲ್ಲಿ ಅಥವಾ ನೀರು ಬಿಸಿಯಾದಾಗ ಫ್ಯಾನನ್ನು ಚಾಲೂ ಮಾಡುವ ಥರ್ಮೋ ಸ್ವಿಚ್ಚಿನಲ್ಲಿ.

ಇದಕ್ಕೆ ವಿರುದ್ಧವಾಗಿ, ಹೆದ್ದಾರಿಯ ವೇಗದಲ್ಲಿ ಅಥವಾ ಚಾರ್ಮಾಡಿಯಂಥ ಘಾಟಿ ಹತ್ತುವಾಗ ಮಾತ್ರ ಬಿಸಿಯಾದರೆ, ರೇಡಿಯೇಟರ್ ಕಟ್ಟಿಕೊಂಡಿರುವುದೇ ಹೆಚ್ಚು. ಬಯಲುಸೀಮೆಯ ಬೋರ್‌ವೆಲ್ ನೀರನ್ನು ವರ್ಷಗಟ್ಟಲೆ ತುಂಬಿಸಿದ ಗಾಡಿಗಳಲ್ಲಿ, ನೀರು ಕಾಯಿಸುವ ಹಂಡೆಯೊಳಗೆ ಕೂರುವಂಥದೇ ಬಿಳಿ ಸುಣ್ಣದ ಪದರ ಸಣ್ಣ ಕೊಳವೆಗಳನ್ನು ಮುಚ್ಚಿಬಿಟ್ಟಿರುತ್ತದೆ. ಎಂಜಿನ್ ಆರಿಸಿ, ಫ್ಯಾನಿನ ವೈರು ಕಳಚಿದ ಮೇಲೆ ರೇಡಿಯೇಟರಿನ ಮೈಯನ್ನು ಜಾಗ್ರತೆಯಿಂದ ಮುಟ್ಟಿ ನೋಡಿದರೆ, ಕಟ್ಟಿಕೊಂಡ ಜಾಗ ಸುತ್ತಲಿಗಿಂತ ತಣ್ಣಗಿರುತ್ತದೆ. ಹೊರಗಿನ ರೆಕ್ಕೆಗಳ ನಡುವೆ ಸಿಕ್ಕ ಹುಳ, ಧೂಳು, ಕೆಸರನ್ನೂ ಸಣ್ಣ ಒತ್ತಡದ ನೀರಿನಿಂದ ತೊಳೆಯಬೇಕು.

ಚಾಲೂ ಮಾಡಿದ ಕೆಲವೇ ನಿಮಿಷಗಳಲ್ಲಿ ಮುಳ್ಳು ಮೇಲೇರಿ, ರೇಡಿಯೇಟರಿಗೆ ಹೋಗುವ ಹೋಸ್ ಮಾತ್ರ ತಣ್ಣಗೇ ಉಳಿದರೆ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ತೆರೆದು ನೀರನ್ನು ರೇಡಿಯೇಟರಿಗೆ ಬಿಡುವ ಕವಾಟ) ಮುಚ್ಚಿದಂತೆಯೇ ಸಿಕ್ಕಿಕೊಂಡಿರಬಹುದು. ಅದನ್ನು ಬಿಚ್ಚಿ, ದಾರದಲ್ಲಿ ಕಟ್ಟಿ, ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಕಾಯಿಸಿ. ನೀರು ಕುದಿಯುವುದರೊಳಗೆ ಅದು ಚೆನ್ನಾಗಿ ತೆರೆದುಕೊಳ್ಳಬೇಕು. "ತೆಗೆದುಬಿಟ್ಟರೆ ತಂಪಾಗಿರುತ್ತದೆ" ಎನ್ನುವ ಮೆಕ್ಯಾನಿಕ್‌ಗಳು ನಮ್ಮಲ್ಲಿ ಬಹಳ. ಆದರೆ ಥರ್ಮೋಸ್ಟಾಟ್ ಇಲ್ಲದ ಎಂಜಿನ್ ಬೇಕಾದಷ್ಟು ಬಿಸಿಯಾಗುವುದಿಲ್ಲ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಮೂಲ ದೋಷವೂ ಮರೆಯಲ್ಲೇ ಉಳಿಯುತ್ತದೆ. ಥರ್ಮೋಸ್ಟಾಟ್ ಸರಿಯಿದ್ದರೆ ನೀರನ್ನು ಸುತ್ತಿಸುವ ವಾಟರ್ ಪಂಪ್ ಮತ್ತು ಅದರ ಬೆಲ್ಟ್ ನೋಡಿ.

ನೀರು ಪದೇ ಪದೇ ಕಡಿಮೆಯಾಗುತ್ತಿದ್ದರೆ ರಾತ್ರಿ ಗಾಡಿಯಡಿ ರಟ್ಟು ಹಾಸಿಡಿ. ಬೆಳಗಿನ ಕಲೆ ಸೋರುವ ಜಾಗವನ್ನು ತೋರಿಸುತ್ತದೆ. ಮುಚ್ಚಳದ ರಬ್ಬರನ್ನೂ ಪರೀಕ್ಷಿಸಿ, ಏಕೆಂದರೆ ಅದು ಸವೆದಿದ್ದರೆ ಒತ್ತಡ ನಿಲ್ಲದೆ ನೀರು ಬೇಗ ಕುದಿಯುತ್ತದೆ. ಹೊರಗೆ ಎಲ್ಲಿಯೂ ಸೋರದೆ ನೀರು ಖಾಲಿಯಾಗುತ್ತಿದ್ದು, ಸೈಲೆನ್ಸರಿನಿಂದ ಬಿಳಿ ಹೊಗೆ ನಿಲ್ಲದಿದ್ದರೆ, ಎಂಜಿನ್ ಎಣ್ಣೆಯ ಮಟ್ಟ ನೋಡುವ ಕಡ್ಡಿಯಾದ ಡಿಪ್‌ಸ್ಟಿಕ್‌ನ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ, ಅಥವಾ ತಣ್ಣಗಿರುವಾಗಲೇ ಮುಚ್ಚಳ ತೆಗೆದು ಚಾಲೂ ಮಾಡಿದಾಗ ರೇಡಿಯೇಟರ್ ಬಾಯಲ್ಲಿ ಗುಳ್ಳೆಗಳು ಬಿಡದೆ ಏಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಹೆಡ್ ಮತ್ತು ಎಂಜಿನ್ ಬ್ಲಾಕಿನ ನಡುವಿನ ಸೋರದಂತೆ ತಡೆಯುವ ಪದರ) ಹೋಗಿದೆ ಎಂದೇ ಶಂಕಿಸಬೇಕು. ಆಗ ಓಡಿಸುವುದನ್ನು ನಿಲ್ಲಿಸಿ. ಗ್ಯಾರೇಜಿನಲ್ಲಿ ಹೆಡ್ ಬಿಚ್ಚಿದಾಗ ಗ್ಯಾಸ್ಕೆಟ್ ಮಾತ್ರ ಬದಲಿಸದೆ, ಹೆಡ್ ಸಮತಟ್ಟಾಗಿದೆಯೇ ಎಂದು ಅಳೆಯಿಸುವುದನ್ನು ಮರೆಯಬೇಡಿ.

ದುರಸ್ತಿಯ ನಂತರ ಬ್ಯಾಟರಿಗೆ ಹಾಕುವಂಥ ಡಿಸ್ಟಿಲ್ಡ್ ನೀರು ಮತ್ತು ಕೂಲೆಂಟನ್ನು (ಎಂಜಿನ್ ತಣಿಸಲು ನೀರಿಗೆ ಬೆರೆಸುವ ದ್ರವ) ಸಮಪಾಲಾಗಿ ಬೆರೆಸಿ ನಿಧಾನವಾಗಿ ತುಂಬಿಸಿ. ಮುಚ್ಚಳ ತೆರೆದಿಟ್ಟೇ ಎಂಜಿನ್ ಓಡಿಸಿ, ಒಳಗೆ ಸಿಕ್ಕ ಗಾಳಿಯೆಲ್ಲ ಹೊರಬಂದು ಮಟ್ಟ ಇಳಿದಂತೆ ಮತ್ತೆ ತುಂಬಿ, ಮಿಶ್ರಣ ಉಕ್ಕುವಷ್ಟು ಕಾಯುವ ಮೊದಲೇ ಮುಚ್ಚಳ ಬಿಗಿದು ಫ್ಯಾನ್ ತಾನಾಗಿ ಚಾಲೂ ಆಗುವುದನ್ನು ಕಾದು ನೋಡಿ.