'ಐ ವಿಶ್' ಅಂತ ಶುರು ಮಾಡಿದ್ಮೇಲೆ ಯಾವ ಟೆನ್ಸ್ ಹಾಕ್ಬೇಕು?

'ಐ ವಿಶ್ ಐ ವಿಲ್ ಗೆಟ್ ದಿಸ್ ಜಾಬ್.' ಇಂಟರ್‌ವ್ಯೂಗೆ ರೆಡಿ ಆಗೋ ಹುಡುಗ್ರ ಬಾಯಲ್ಲಿ ಇದನ್ನ ಕೇಳಿ ಕೇಳಿ ಸಾಕಾಗಿದೆ, ಗ್ರಾಮರ್ ಗೊತ್ತಿರೋರೂ ಇಲ್ಲೇ ಎಡವ್ತಾರೆ.

ಮೊದಲು ನೋಡ್ಬೇಕಾದ್ದು, ಅದು ಆಗೋ ಚಾನ್ಸ್ ಇದೆಯಾ ಅಂತ. ಇದ್ರೆ 'ವಿಶ್' ಬಿಟ್ಟಾಕಿ, 'ಐ ಹೋಪ್ ಐ ಗೆಟ್ ದಿಸ್ ಜಾಬ್' ಅನ್ನಿ, ಮುಗೀತು. (ಹಾಗೇ 'ಐ ವಿಶ್ ಯು ಹ್ಯಾವ್ ಎ ಗ್ರೇಟ್ ಡೇ' ಅನ್ನೋದೂ ತಪ್ಪು, ಶುಭ ಹಾರೈಸೋದಾದ್ರೆ 'ಐ ವಿಶ್ ಯು ಎ ಗ್ರೇಟ್ ಡೇ' ಸಾಕು, ಮಧ್ಯೆ 'ಹ್ಯಾವ್' ತುರುಕಬೇಡಿ.)

ಎರಡನೇದು, ಈಗ ಇಲ್ಲದೇ ಇರೋದನ್ನ ಬಯಸೋದು. ಇದಕ್ಕೆ ಸಿಂಪಲ್ ಪಾಸ್ಟ್: 'ಐ ವಿಶ್ ಐ ಹ್ಯಾಡ್ ಎ ಕಾರ್'. ಇಲ್ಲಿ 'ಹ್ಯಾಡ್' ಅಂದ್ರೆ ಹಿಂದೆ ಕಾರ್ ಇತ್ತು ಅಂತಲ್ಲ, ಈಗ ಇಲ್ಲ ಅಂತ. ಗೋಡೆಗೆ ಅಂಟಿಸೋ 12 ಟೆನ್ಸ್ ಚಾರ್ಟ್ ನೆಚ್ಕೊಂಡ್ರೆ ಇದು ತಲೆಗೇ ಹೋಗಲ್ಲ, ಆ ಚಾರ್ಟ್ ಪ್ರಕಾರ ಪಾಸ್ಟ್ ಅಂದ್ರೆ ಬರೀ ನಿನ್ನೆ. 'ಕ್ಯಾನ್' ಇದ್ರೆ 'ಕುಡ್' ಮಾಡಿ. 'ಐ ವಿಶ್ ಐ ವಾಸ್' ಮಾತಲ್ಲಿ ನಡೆಯುತ್ತೆ, ಪರೀಕ್ಷೆಯಲ್ಲಿ 'ಐ ವಿಶ್ ಐ ವರ್' ಅಂತಲೇ ಬರೀರಿ.

ಈಗ ಎಲ್ರೂ ಮುಗ್ಗರಿಸೋ ಜಾಗ, ಕಳೆದುಹೋದದ್ದಕ್ಕೆ ಪೇಚಾಡೋದು. ನಾವು 'ದುಡ್ಡು ಇದ್ದಿದ್ರೆ ಚೆನ್ನಾಗಿರ್ತಿತ್ತು' ಅಂತೀವಿ, ಅದು ಇವತ್ತಿನ ಮಾತೋ ಹತ್ತು ವರ್ಷದ ಹಿಂದಿನದೋ ಆ ವಾಕ್ಯ ನೋಡಿದ್ರೆ ಗೊತ್ತಾಗಲ್ಲ, ಇಂಗ್ಲಿಷ್ ಮಾತ್ರ ಎರಡನ್ನೂ ಬೇರೆ ಮಾಡ್ಲೇಬೇಕು ಅಂತ ಹಠ ಹಿಡಿಯುತ್ತೆ. ಹಾಗಾಗಿ ನಿಮ್ಮ ಕನ್ನಡ ವಾಕ್ಯದ ಮುಂದೆ 'ಈಗ' ಹಾಕಿ ನೋಡಿ, 'ಅವತ್ತು' ಹಾಕಿ ನೋಡಿ. 'ಅವತ್ತು' ಕೂತ್ರೆ 'ಹ್ಯಾಡ್' ಜೊತೆ ಕ್ರಿಯಾಪದದ ಮೂರನೇ ರೂಪ ಬರ್ಬೇಕು. ಅವತ್ತು ದುಡ್ಡು ಇದ್ದಿದ್ರೆ: 'ಐ ವಿಶ್ ಐ ಹ್ಯಾಡ್ ಹ್ಯಾಡ್ ದ ಮನಿ'. ಎರಡು 'ಹ್ಯಾಡ್' ನೋಡಿ ಗಾಬರಿಯಾಗಿ ಒಂದನ್ನ ಅಳಿಸಬೇಡಿ, ಅಳಿಸಿದ್ರೆ ಅರ್ಥ ಇವತ್ತಿಗೆ ಬಂದ್ಬಿಡುತ್ತೆ. 'ಹ್ಯಾಡ್ ವೆಂಟ್' ಅಲ್ಲ, 'ಹ್ಯಾಡ್ ಗಾನ್'.

ಆದದ್ದು ಆಗಬಾರದಿತ್ತು ಅನ್ನೋದಾದ್ರೆ ನೆಗೆಟಿವ್: ಸೈಟ್ ಮಾರಿಬಿಟ್ಟಿದ್ದೀರಾ, ಈಗ ರೇಟ್ ಕೇಳಿ ಹೊಟ್ಟೆ ಉರೀತಿದೆ, 'ಐ ವಿಶ್ ಐ ಹ್ಯಾಡಂಟ್ ಸೋಲ್ಡ್ ದ ಸೈಟ್'. ಮಾರಿದ್ದು ಹಳೇದು ಅಂತ 'ವಿಶ್'ನ 'ವಿಶ್ಡ್' ಮಾಡೋರಿದ್ದಾರೆ, ಮಾಡ್ಬೇಡಿ, ಹೊಟ್ಟೆ ಉರೀತಿರೋದು ಈಗ ತಾನೇ? 'ಐ ವಿಶ್ ಐ ವುಡ್ ಹ್ಯಾವ್' ಅಂತ ಅಮೆರಿಕದೋರ ಮಾತಲ್ಲಿ ಕಿವಿಗೆ ಬೀಳುತ್ತೆ ನಿಜ, ಪರೀಕ್ಷೆಯಲ್ಲಿ ಬರೆದ್ರೆ ಮಾರ್ಕ್ಸ್ ಹೋಗುತ್ತೆ.

ಇಷ್ಟೆಲ್ಲ ತಲೆನೋವು ಬೇಡ್ವಾ, ತಪ್ಪು ನಿಮ್ಮದೇ ಆಗಿದ್ರೆ 'ಐ ಶುಡಂಟ್ ಹ್ಯಾವ್ ಸೋಲ್ಡ್ ಇಟ್' ಅನ್ನಿ. ನಾನಂತೂ ಮಾತಾಡೋವಾಗ ಇದನ್ನೇ ಹೇಳು ಅಂತೀನಿ.

ಬೇರೆಯವರ ಕಿರಿಕಿರಿಗೆ 'ವುಡ್': 'ಐ ವಿಶ್ ದೇ ವುಡ್ ಸ್ಟಾಪ್ ಹಾಂಕಿಂಗ್'. ನಿಮ್ಮ ಬಗ್ಗೆ ಹೇಳ್ಕೊಳ್ಳೋವಾಗ ಇದು ಬೇಡ.

ಕೊನೇದು 'ರಿಗ್ರೆಟ್'. ಮಾಡಿದ್ದಕ್ಕೆ ಪಶ್ಚಾತ್ತಾಪ ಆಗಿದ್ರೆ 'ಐ ರಿಗ್ರೆಟ್ ಸೆಲ್ಲಿಂಗ್ ಇಟ್', 'ಟು ಸೆಲ್' ಅಲ್ಲ. 'ರಿಗ್ರೆಟ್ ಟು ಇನ್ಫಾರ್ಮ್ ಯು' ಅನ್ನೋದು ಕೆಟ್ಟ ಸುದ್ದಿ ತಿಳಿಸೋ ಮೇಲ್‌ಗೆ, ಅದನ್ನ ಹೆಚ್‌ಆರ್‌ನೋರಿಗೇ ಬಿಟ್ಬಿಡಿ.